ಕಪ್ಪು ಗಾಜಿನ ಹಿಂದೆ ಕುಳಿತವರು ಯಾರು?

ಕಳೆದ ಬೇಸಿಗೆಯಲ್ಲಿ ಪರಿಚಯದವರೊಬ್ಬರ ಬಾಡಿಗೆ ಕಾರಿನಲ್ಲಿ ಮದುವೆಗೆ ಹೊರಟಿದ್ದೆ. ಊರ ಹೊರಗಿನ ಸರ್ಕಲ್‌ನಲ್ಲಿ ಪೊಲೀಸರು ಕಾರು ನಿಲ್ಲಿಸಿದರು. ಹಿಂದಿನ ಎರಡು ಕಿಟಕಿಗಳಿಗೆ ಚಾಲಕ ಸನ್ ಫಿಲ್ಮ್ ಅಂಟಿಸಿದ್ದ. ‘ಬಿಸಿಲಿಗೆ ಹಿಂದೆ ಕೂತವರು ಬೈಯ್ತಾರೆ ಸಾರ್’ ಎಂದು ಗೋಗರೆದ. ಪ್ರಯೋಜನವಾಗಲಿಲ್ಲ. 500 ರೂಪಾಯಿ ದಂಡ ಕಟ್ಟಿ, ಅಲ್ಲೇ ರಸ್ತೆ ಬದಿಯಲ್ಲಿ ನಿಂತು ಉಗುರಿನಿಂದ ಫಿಲ್ಮ್ ಕೆರೆಯತೊಡಗಿದ. ಅಷ್ಟರಲ್ಲಿ ದೊಡ್ಡ ಬಿಳಿ ಕಾರೊಂದು ನಮ್ಮ ಪಕ್ಕದಲ್ಲೇ ಹಾದುಹೋಯಿತು. ಅದರ ಕಿಟಕಿಗಳೆಲ್ಲ ಅಮಾವಾಸ್ಯೆಯಷ್ಟು ಕಪ್ಪು. ಮುಂದಿನ ಗಾಜಿನೊಳಗೆ ಯಾವುದೋ ನಿಗಮದ ಅಧ್ಯಕ್ಷರೆಂಬ ಫಲಕ. ನಮ್ಮನ್ನು ತಡೆದ ಕೈಯೇ ಆ ಕಾರಿಗೆ ಸೆಲ್ಯೂಟ್ ಹೊಡೆಯಿತು!

ಚಾಲಕ ಮಾಡಿದ್ದು ಸರಿಯೆಂದು ನಾನು ವಾದಿಸುತ್ತಿಲ್ಲ. ಕಾರಿನ ಗಾಜು ಪಾರದರ್ಶಕವಾಗಿರಬೇಕು ಎಂಬ ನಿಯಮ ನ್ಯಾಯವಾದದ್ದೇ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮದ ಪ್ರಕಾರ ಮುಂದಿನ ಮತ್ತು ಹಿಂದಿನ ಗಾಜಿನ ಮೂಲಕ ಕನಿಷ್ಠ ಶೇ. 70ರಷ್ಟು, ಪಕ್ಕದ ಕಿಟಕಿಗಳ ಮೂಲಕ ಶೇ. 50ರಷ್ಟು ಬೆಳಕು ಹಾಯಬೇಕು. ಎರಡು ದಶಕ ಈ ನಿಯಮವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕೊನೆಗೆ ಅಭಿಷೇಕ್ ಗೋಯೆಂಕಾ ಎಂಬವರು ಹೂಡಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 2012ರ ಏಪ್ರಿಲ್ 27ರಂದು ತೀರ್ಪಿತ್ತಿತು. ಬೆಳಕು ಎಷ್ಟೇ ಹಾಯಲಿ, ಗಾಜಿನ ಮೇಲೆ ಯಾವ ಕಪ್ಪು ಫಿಲ್ಮನ್ನೂ ಅಂಟಿಸುವಂತಿಲ್ಲ ಎಂದಿತು. ಮೇ 4ರಿಂದ ಆದೇಶ ಜಾರಿಗೆ ಬಂತು.

ಇದು ಬರೀ ಪೊಲೀಸರ ಕಿರಿಕಿರಿ ಎಂದು ಭಾವಿಸುವವರು ಒಮ್ಮೆ ರಸ್ತೆ ದಾಟುವವರ ಜಾಗದಲ್ಲಿ ನಿಂತು ನೋಡಲಿ. ಮಗುವಿನ ಕೈಹಿಡಿದು ರಸ್ತೆ ದಾಟುವ ತಾಯಿ ಮೊದಲು ನೋಡುವುದು ಚಾಲಕನ ಮುಖವನ್ನು. ಅವನು ತನ್ನನ್ನು ನೋಡಿದನೇ ಇಲ್ಲವೇ ಎಂಬುದು ಆಕೆಗೆ ಗೊತ್ತಾಗಬೇಕು. ಕಪ್ಪು ಗಾಜಿನ ಹಿಂದೆ ಮುಖವೇ ಇಲ್ಲದಿದ್ದರೆ ಆಕೆ ಯಾರನ್ನು ನಂಬಬೇಕು? ರಾತ್ರಿಯಲ್ಲಂತೂ ಒಳಗಿನ ಚಾಲಕನಿಗೂ ಹೊರಗಿನವರು ಮಸುಕು ಮಸುಕು.

ಇನ್ನು ದಿಲ್ಲಿಯ ಆ ರಾತ್ರಿಯನ್ನು ಮರೆಯಲಾದೀತೇ? 2012ರ ಡಿಸೆಂಬರ್ 16ರಂದು ಓರ್ವ ಯುವತಿಯ ಮೇಲೆ ಪೈಶಾಚಿಕ ಕೃತ್ಯ ನಡೆದದ್ದು ಕಪ್ಪು ಗಾಜು, ಪರದೆಗಳಿದ್ದ ಬಸ್ಸಿನೊಳಗೆ. ಆಗ ಸರ್ವೋಚ್ಚ ನ್ಯಾಯಾಲಯದ ಆದೇಶಕ್ಕೆ ಏಳು ತಿಂಗಳು ತುಂಬಿತ್ತು. ಆದೇಶ ಕಾಗದದ ಮೇಲಿತ್ತು, ಬಸ್ಸು ರಾಜಧಾನಿಯ ರಸ್ತೆಯ ಮೇಲೆ ಸುತ್ತುತ್ತಿತ್ತು. ಕಾನೂನು ಇಲ್ಲದಿರುವುದಕ್ಕಿಂತ, ಇದ್ದೂ ಜಾರಿಯಾಗದಿರುವುದು ದೊಡ್ಡ ದುರಂತ.

ಹಾಗಾದರೆ ಜಾರಿಯಾಗದಿರಲು ಕಾರಣವೇನು? ಬೇಲಿಯೇ ಎದ್ದು ಹೊಲ ಮೇಯುತ್ತಿರುವುದು! ಸುಪ್ರೀಂ ಕೋರ್ಟ್ ವಿನಾಯಿತಿಗೆ ಬಿಟ್ಟ ಬಾಗಿಲು ತೀರಾ ಕಿರಿದು. ಝಡ್ ಮತ್ತು ಝಡ್ ಪ್ಲಸ್ ಭದ್ರತೆಯುಳ್ಳವರ ಅಧಿಕೃತ ವಾಹನಗಳಿಗೆ ಮಾತ್ರ, ಅದೂ ಹಿರಿಯ ಅಧಿಕಾರಿಗಳ ಸಮಿತಿ ಪರಿಶೀಲಿಸಿ ಒಪ್ಪಿದ ಮೇಲೆ. ಇಷ್ಟು ಭದ್ರತೆ ಇರುವವರು ಒಂದು ರಾಜ್ಯದಲ್ಲಿ ಎಷ್ಟು ಮಂದಿ ಇದ್ದಾರು? ಆದರೆ ನಮ್ಮ ರಸ್ತೆಗಳಲ್ಲಿ ಪಂಚಾಯತ್ ಸದಸ್ಯನ ಭಾವಮೈದುನನಿಗೂ ಕಪ್ಪು ಗಾಜು ಬೇಕು. ಪಕ್ಷದ ಬಾವುಟ, ‘ಪೊಲೀಸ್’, ‘ಪ್ರೆಸ್’, ‘ಅಡ್ವೊಕೇಟ್’ ಸ್ಟಿಕ್ಕರುಗಳೇ ವಿನಾಯಿತಿ ಪತ್ರ! ಗೂಟದ ಕಾರಿನ ಕೆಂಪು ದೀಪ 2017ರ ಮೇ 1ರಂದು ಇಳಿಯಿತು. ಅದನ್ನು ಕಳೆದುಕೊಂಡವರ ಪಾಲಿಗೆ ಈಗ ಕಪ್ಪು ಗಾಜೇ ಕೆಂಪು ದೀಪ.

ವಿಪರ್ಯಾಸ ನೋಡಿ. ಮತ ಕೇಳುವಾಗ ತೆರೆದ ಜೀಪಿನಲ್ಲಿ ನಿಂತು ಕೈಮುಗಿದವರೇ ಗೆದ್ದ ಮೇಲೆ ಮುಖ ಮುಚ್ಚಿಕೊಂಡು ತಿರುಗುತ್ತಾರೆ. ಪಾರದರ್ಶಕ ಆಡಳಿತದ ಭಾಷಣ ಮುಗಿಸಿ ಅಪಾರದರ್ಶಕ ಕಾರನ್ನೇರುತ್ತಾರೆ. ಜನರ ಮುಖ ಕಾಣಬಾರದೆಂದೇ? ಅಥವಾ ತಮ್ಮ ಮುಖ ಜನರಿಗೆ ಕಾಣಬಾರದೆಂದೇ?

ಬಿಸಿಲಿನ ವಾದವನ್ನು ಮಾತ್ರ ತಳ್ಳಿಹಾಕುವಂತಿಲ್ಲ. ಕಲಬುರಗಿ, ರಾಯಚೂರಿನ ಮೇ ತಿಂಗಳಲ್ಲಿ ರೋಗಿಯನ್ನೋ ಹಸುಗೂಸನ್ನೋ ಕರೆದೊಯ್ಯುವವರಿಗೆ ಅದು ಕಾರಿನ ಶೋಕಿಯಲ್ಲ. ಆದರೆ ತಂಪಿಗೆ ಕಪ್ಪು ಬಣ್ಣವೇ ಬೇಕೆಂದಿಲ್ಲ. ಸೂರ್ಯನ ಶಾಖದ ಸುಮಾರು ಅರ್ಧಭಾಗ ಕಣ್ಣಿಗೆ ಕಾಣದ ಅವಗೆಂಪು ಕಿರಣಗಳದ್ದು. ಅದನ್ನು ತಡೆದು ಬೆಳಕನ್ನು ಒಳಬಿಡುವ ಗಾಜುಗಳಿವೆ. ನಿಯಮದ ಮಿತಿಯೊಳಗೆ ಕಾರ್ಖಾನೆಯಲ್ಲೇ ಬಣ್ಣ ಸೇರಿಸಿದ ಗಾಜಿಗೆ 2012ರ ತೀರ್ಪಿನಲ್ಲೂ ಅಡ್ಡಿಯಿಲ್ಲ.

2021ರ ಏಪ್ರಿಲ್‌ನಿಂದ ಜಾರಿಗೆ ಬಂದ ತಿದ್ದುಪಡಿ ‘ಸುರಕ್ಷಾ ಗಾಜು’ ಎಂಬಲ್ಲಿ ‘ಸೇಫ್ಟಿ ಗ್ಲೇಜಿಂಗ್’ ಎಂಬುದನ್ನೂ ಸೇರಿಸಿತು. ಗಾಜಿನ ಒಳಮೈಗೆ ಪ್ಲಾಸ್ಟಿಕ್ ಪದರ ಕೂಡಿಸಿದ ಗಾಜೂ ಇದರಲ್ಲಿ ಸೇರುತ್ತದೆ. ಈ ಆಧಾರದಲ್ಲಿ, ಮಾನದಂಡಕ್ಕೆ ಒಪ್ಪುವ, 70 ಮತ್ತು 50ರ ಮಿತಿ ಮೀರದ ಗ್ಲೇಜಿಂಗಿಗೆ ದಂಡ ಹಾಕುವಂತಿಲ್ಲ ಎಂದು 2024ರ ಸೆಪ್ಟೆಂಬರ್‌ನಲ್ಲಿ ಕೇರಳ ಹೈಕೋರ್ಟ್ ಹೇಳಿತು. ಅಲ್ಲಿಗೆ ಮಂಗಳೂರಿನಿಂದ ಕಾಸರಗೋಡಿಗೆ ಹೋಗುವವನ ಪಾಡೇನು? ತಲಪಾಡಿ ದಾಟಿದ ಮೇಲೆ ಸರಿ, ದಾಟುವ ಮೊದಲು ತಪ್ಪೇ? ಇದನ್ನು ಬಿಡಿಸಿ ಹೇಳುವ ಹೊಣೆ ಕೇಂದ್ರ ಸಾರಿಗೆ ಸಚಿವಾಲಯದ್ದು. ಅದು ಮೌನವಾಗಿದ್ದಷ್ಟೂ ರಸ್ತೆ ಬದಿಯ ಪೇದೆಯೇ ನ್ಯಾಯಾಧೀಶ.

ಆದ್ದರಿಂದ ನಮ್ಮ ಬೇಡಿಕೆ ಸರಳ. ಗಾಜನ್ನು ಕಣ್ಣಂದಾಜಿನಿಂದಲ್ಲ, ಬೆಳಕಳೆಯುವ ಮೀಟರಿನಿಂದ ಅಳೆಯಿರಿ. ಮೀಟರಿಗೆ ಶಾಸಕನೂ ಒಂದೇ, ಬಾಡಿಗೆ ಕಾರಿನವನೂ ಒಂದೇ. ತಪಾಸಣೆಯನ್ನು ಸರ್ಕಲ್‌ನಿಂದಲ್ಲ, ವಿಧಾನಸೌಧದ ವಾಹನ ನಿಲುಗಡೆಯಿಂದ, ಜಿಲ್ಲಾಧಿಕಾರಿ ಕಚೇರಿಯ ಆವರಣದಿಂದ, ಪೊಲೀಸ್ ಠಾಣೆಗಳ ಅಂಗಳದಿಂದಲೇ ಆರಂಭಿಸಿರಿ. ವಿನಾಯಿತಿ ಪಡೆದ ವಾಹನಗಳೆಷ್ಟೆಂಬ ಲೆಕ್ಕವನ್ನು ಜನರ ಮುಂದಿಡಿ. 2019ರ ತಿದ್ದುಪಡಿ ಕಾಯ್ದೆ ಸಾಮಾನ್ಯ ಉಲ್ಲಂಘನೆಯ ದಂಡವನ್ನು 100ರಿಂದ 500ಕ್ಕೆ, ಮತ್ತೆ ಸಿಕ್ಕಿಬಿದ್ದರೆ 300ರಿಂದ 1500ಕ್ಕೆ ಏರಿಸಿತು. ಆ ಬಿಳಿ ಕಾರಿನವರಿಗೆ ಇದು ಒಂದು ಹೊತ್ತಿನ ಊಟದ ಬಿಲ್ಲು. ನಮ್ಮ ಚಾಲಕನಿಗೆ ಒಂದು ದಿನದ ದುಡಿಮೆ.

ಅಂದು ಫಿಲ್ಮ್ ಕಿತ್ತು ಮುಗಿಸಿದಾಗ ಆತನ ಬೆರಳ ತುದಿ ಕೆಂಪಾಗಿತ್ತು. ಮದುವೆ ಮನೆ ತಲುಪುವವರೆಗೂ ಆತ ಮಾತಾಡಲಿಲ್ಲ. ಇಳಿಯುವಾಗ ಒಂದೇ ಪ್ರಶ್ನೆ ಕೇಳಿದ: ‘ಆ ಕಾರೊಳಗೆ ಯಾರಿದ್ರು ಸಾರ್?’

ನನಗೆ ಕಾಣಿಸಿರಲಿಲ್ಲ. ತಡೆಯಬೇಕಾದವರು ನೋಡಲೇ ಇಲ್ಲ.