ಅಟ್ಟೆ ಕಿತ್ತರೆ ಯಾರ ತಪ್ಪು?

ಬೆಂಗಳೂರಿನಲ್ಲಿ ನಾಲ್ಕು ಜನ ಚಾರಣಿಗರು ಸೇರಿದರೆ ಬೆಟ್ಟದ ಮಾತಿನ ಜೊತೆಗೆ ಅಂಗಡಿಯ ಮಾತೂ ಬರುತ್ತದೆ. ಶೂ ಅಟ್ಟೆ ಕಿತ್ತುಹೋಯಿತು, ಅಂಗಡಿಯವರು ಕೈಯಲ್ಲಿ ಹಿಡಿದೂ ನೋಡಲಿಲ್ಲ. ಜಾಕೆಟ್ ಸೋರಿತು, ನೀವು ಒಗೆದದ್ದು ಸರಿಯಿಲ್ಲ ಎಂದರು. ಫೋನ್ ಮಾಡಿದರೆ ಎತ್ತುವುದಿಲ್ಲ, ಎತ್ತಿದರೂ ಓನರ್ ಇಲ್ಲ ಅನ್ನುತ್ತಾರೆ. ಅದೇ ಅಂಗಡಿಯವರ ಬಳಿ ಸ್ವಲ್ಪ ಹೊತ್ತು ಕೂತರೆ ಅವರ ದೂರುಗಳೂ ಹೊರಗೆ ಬರುತ್ತವೆ. ಹಿಮಾಲಯ ಸುತ್ತಿ ಬಂದು, ಕೆಸರು ತೊಳೆದು, ‘ಸೈಜ್ ಆಗಲಿಲ್ಲ’ ಎಂದು ಶೂ ವಾಪಸ್ ತರುವವರಿದ್ದಾರೆ. ಒಂದು ಗಂಟೆ ಕೂತು ಐದಾರು ಜೋಡಿ ಹಾಕಿ ನೋಡಿ, ಸೈಜು ಮಾಡೆಲ್ಲು ಬರೆದುಕೊಂಡು ಹೋಗಿ, ಆನ್‌ಲೈನಿನಲ್ಲಿ ತರಿಸಿಕೊಳ್ಳುವವರಿದ್ದಾರೆ. ಎರಡೂ ಕಡೆಯ ದೂರುಗಳಲ್ಲಿ ಸತ್ಯವಿದೆ.

ಹಾಗೆಂದು ಇದನ್ನು ಬಟ್ಟೆ ಅಂಗಡಿಯ ಜಗಳದಂತೆ ‘ಅವರವರ ಪಾಡು’ ಎಂದು ಬಿಡಲು ನನಗೆ ಮನಸ್ಸಿಲ್ಲ. ಅಂಗಿಯ ಗುಂಡಿ ಕಿತ್ತರೆ ಮುಜುಗರವಾಗುತ್ತದೆ, ಅಷ್ಟೇ. ಬೆಟ್ಟದ ಇಳಿಜಾರಿನಲ್ಲಿ ಅಟ್ಟೆ ಕಿತ್ತರೆ ಕಾಲು ಉಳುಕಬಹುದು, ಮುರಿಯಬಹುದು, ಜೊತೆಗಿದ್ದವರೆಲ್ಲ ಕತ್ತಲಲ್ಲಿ ಸಿಕ್ಕಿಕೊಳ್ಳಬಹುದು. ಈ ಅಂಗಡಿಗಳು ಮಾರುವ ಸಾಮಾನಿನ ಗುಣ ಗೊತ್ತಾಗುವುದೇ ಸಹಾಯಕ್ಕೆ ಯಾರೂ ಸಿಗದ ಜಾಗದಲ್ಲಿ.

ನನ್ನ ಅಕ್ಕನ ಮಗಳಿಗೆ ಹೀಗಾಯಿತು. ಕುಮಾರಪರ್ವತ ಹತ್ತಿ, ಶೇಷಪರ್ವತದಿಂದ ಭಟ್ಟರ ಮನೆಯ ಕಡೆಗೆ ಇಳಿಯುವಾಗ ಬಲಗಾಲಿನ ಶೂ ಹಿಮ್ಮಡಿಯಲ್ಲಿ ಬಾಯಿ ಬಿಟ್ಟಿತು. ಇನ್ನಷ್ಟು ಇಳಿಯುವಷ್ಟರಲ್ಲಿ ಅಟ್ಟೆ ಪೂರ್ತಿ ಜೋತುಬಿತ್ತು. ಮೇಲಿನ ಚರ್ಮಕ್ಕೆ ಏನೂ ಆಗಿರಲಿಲ್ಲ, ಕೆಳಗಿನ ರಬ್ಬರಿನ ಹಲ್ಲು ಒಂದಿಷ್ಟೂ ಸವೆದಿರಲಿಲ್ಲ. ಇವೆರಡರ ನಡುವಿನ ಪದರ ಮಾತ್ರ ಚಹಾದಲ್ಲಿ ನೆನೆದ ರಸ್ಕಿನಂತೆ ಮುಟ್ಟಿದರೆ ಪುಡಿಯಾಗುತ್ತಿತ್ತು. ಲೇಸು, ಟೇಪು ಸುತ್ತಿ ಹೇಗೋ ಇಳಿದಳು. ಮುಂದಿನ ಶನಿವಾರ ಶೂ ಹಿಡಿದು ಅಂಗಡಿಗೆ ಹೋದಾಗ ನಾನೂ ಜೊತೆಗಿದ್ದೆ.

ಕೌಂಟರಿನಲ್ಲಿದ್ದ ಹುಡುಗ ಬಿಲ್ ನೋಡಿ, ‘ಮೇಡಂ, ಇದು ವಾರಂಟಿ ಮುಗಿದಿದೆ, ಏನೂ ಮಾಡೋಕಾಗಲ್ಲ’ ಅಂದ.

‘ಹಾಕ್ಕೊಂಡಿದ್ದೇ ಕಡಿಮೆ ಅಣ್ಣ. ಬಾಕ್ಸಲ್ಲೇ ಇಟ್ಟಿದ್ದೆ, ಹಾಳಾಗಬಾರ್ದು ಅಂತ.’

‘ಬಾಕ್ಸಲ್ಲಿ ಇಟ್ರೆ ಇನ್ನೂ ಬೇಗ ಹೋಗುತ್ತೆ ಮೇಡಂ.’

ಅಷ್ಟು ಹೇಳಿ ಆತ ಫೋನಿನ ಕಡೆ ತಿರುಗಿದ. ಶೂವನ್ನು ಚೀಲದಿಂದ ಹೊರಗೆ ತೆಗೆಯಿರಿ ಎಂದು ಕೂಡ ಹೇಳಲಿಲ್ಲ. ಅವಳ ಕಣ್ಣಲ್ಲಿ ನೀರು ಬಂತು, ನನಗೂ ಸಿಟ್ಟು ಬಂತು. ಆದರೆ ಆತ ಹೇಳಿದ ಮಾತು ಸುಳ್ಳಲ್ಲ.

ಚಾರಣದ ಶೂಗಳಲ್ಲಿ ಪಾದಕ್ಕೂ ಕೆಳಗಿನ ರಬ್ಬರಿಗೂ ನಡುವೆ ನಡಿಗೆಯ ಹೊಡೆತ ತಾಳಿಕೊಳ್ಳುವ ಒಂದು ಮೆತ್ತನೆಯ ಪದರವಿರುತ್ತದೆ. ಗಟ್ಟಿಮುಟ್ಟಾದ ಶೂಗಳಲ್ಲಿ ಇದನ್ನು ಹೆಚ್ಚಾಗಿ ಪಾಲಿಯುರೆಥೇನ್ ನೊರೆಯಿಂದ ಮಾಡುತ್ತಾರೆ. ಭಾರ ಹೊತ್ತು ನಡೆದರೂ ಅದು ಬೇಗ ಚಪ್ಪಟೆಯಾಗುವುದಿಲ್ಲ, ಅದಕ್ಕೇ ಅದರ ಬಳಕೆ. ಅದರ ಶತ್ರು ಗಾಳಿಯಲ್ಲಿನ ತೇವ. ನೀರಿನ ಆವಿ ಒಳಹೊಕ್ಕು ಪಾಲಿಯುರೆಥೇನಿನ ಸರಪಳಿಗಳನ್ನು ನಿಧಾನವಾಗಿ ತುಂಡರಿಸುತ್ತದೆ. ಇದಕ್ಕೆ ಹೈಡ್ರಾಲಿಸಿಸ್ ಎನ್ನುತ್ತಾರೆ. ನಡೆಯುವಾಗ ಆ ಪದರ ಒತ್ತಿ ಬಿಟ್ಟು ಒತ್ತಿ ಬಿಟ್ಟು ತೇವ ಹೊರಹೋಗುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಕೂತ ಶೂಗೆ ಆ ಅವಕಾಶವಿಲ್ಲ. ಯುರೋಪಿನ ಹಳೆಯ ಶೂ ತಯಾರಕರು ಇದನ್ನು ಮುಚ್ಚಿಟ್ಟಿಲ್ಲ. ಶೂವನ್ನು ಆಗಾಗ ಹಾಕಿಕೊಂಡು ನಡೆಯಿರಿ, ಗಾಳಿಯಾಡುವ ಒಣ ಜಾಗದಲ್ಲಿಡಿ, ಕೆಲವು ವರ್ಷಗಳಾದ ಶೂವನ್ನು ದೊಡ್ಡ ಚಾರಣಕ್ಕೆ ಮುನ್ನ ಪರೀಕ್ಷಿಸಿ ಎಂದು ತಮ್ಮ ಸೂಚನೆಗಳಲ್ಲಿ ಬರೆಯುತ್ತಾರೆ. ಮಲೆನಾಡಿನ ಮಳೆಗಾಲ, ಕರಾವಳಿಯ ಸೆಕೆ ಇರುವ ನಮ್ಮ ಕಡೆ ಈ ಮಾತು ಇನ್ನೂ ಮುಖ್ಯ.

ಹಾಗಾದರೆ ಆ ಹುಡುಗನಿಗೆ ಗೊತ್ತಿದ್ದ ಸಂಗತಿಯನ್ನು ಮಾರುವ ದಿನ ಯಾರೂ ಯಾಕೆ ಹೇಳಲಿಲ್ಲ? ನನ್ನ ತಕರಾರು ಇರುವುದು ಇಲ್ಲಿ. ‘ಮನೆಗೆ ಹೋಗಿ ಡಬ್ಬಿಯಲ್ಲಿ ಮುಚ್ಚಿಡಬೇಡಿ’ ಎನ್ನಲು ಒಂದು ನಿಮಿಷ ಸಾಕು. ಮಾರುವಾಗ ಹೇಳಿದ್ದರೆ ಅದು ಬುದ್ಧಿಮಾತಾಗುತ್ತಿತ್ತು. ಕಿತ್ತುಹೋದ ಮೇಲೆ ಹೇಳಿದಾಗ ಜಾರಿಕೊಳ್ಳುವ ನೆಪವಾಗಿ ಕೇಳಿಸಿತು.

ಇನ್ನೊಂದು ಪ್ರಶ್ನೆಯೂ ಇದೆ. ಡಬ್ಬಿಯಲ್ಲಿ ಶೂ ಮುಪ್ಪಾಗುವುದು ನಿಜವಾದರೆ, ಅಂಗಡಿಯ ಗೋದಾಮಿನಲ್ಲಿ ಕೂತ ಡಬ್ಬಿಯಲ್ಲೂ ಅದು ಮುಪ್ಪಾಗುತ್ತದೆ. ನಮ್ಮಲ್ಲಿ ಪ್ಯಾಕ್ ಮಾಡಿ ಮಾರುವ ಸಾಮಾನಿನ ಮೇಲೆ ತಯಾರಾದ ತಿಂಗಳು, ವರ್ಷ ಮುದ್ರಿಸಬೇಕೆಂದು 2011ರ ಕಾನೂನು ಮಾಪನ ನಿಯಮಗಳು ಹೇಳುತ್ತವೆ. ಹಾಲಿನ ಪ್ಯಾಕೆಟ್ಟಿನ ದಿನಾಂಕ ನೋಡುವ ನಾವು ಶೂ ಡಬ್ಬಿಯ ದಿನಾಂಕ ನೋಡುವುದಿಲ್ಲ. ಸೀಸನ್ ಮುಗಿದ ಮೇಲೆ ಅರ್ಧ ಬೆಲೆಗೆ ಹಾಕುವ ಮಾಲಿನಲ್ಲಿ ಮೂರು ವರ್ಷ ಹಳೆಯದೂ ಇರಬಹುದು. ಹಳೆಯ ಮಾಲನ್ನು ಕಡಿಮೆ ಬೆಲೆಗೆ ಕೊಡುವುದರಲ್ಲಿ ತಪ್ಪೇನೂ ಇಲ್ಲ, ಎಷ್ಟು ಹಳೆಯದು ಎಂದು ಬಾಯಿಬಿಟ್ಟು ಹೇಳಬೇಕು. ವಾರಂಟಿ ಮಾತ್ರ ಬಿಲ್ಲಿನ ದಿನದಿಂದ ಎಣಿಕೆಯಾಗುತ್ತದೆ, ಪಾಲಿಯುರೆಥೇನಿನ ಆಯುಷ್ಯ ಕಾರ್ಖಾನೆಯಿಂದ ಹೊರಬಿದ್ದ ದಿನದಿಂದಲೇ ಕರಗುತ್ತಿರುತ್ತದೆ.

ಈಗ ಅಂಗಡಿಯ ಕಡೆಯಿಂದ ನೋಡೋಣ. ಗಿರಾಕಿಗೆ ಕಾಣುವುದು ಅಂಗಡಿ ಒಂದೇ. ಅದರ ಹಿಂದೆ ವಿತರಕ, ಅವನ ಹಿಂದೆ ಬ್ರ್ಯಾಂಡು, ಅದರ ಹಿಂದೆ ಇನ್ನೊಂದು ದೇಶದ ಕಾರ್ಖಾನೆ. ವಾರಂಟಿ ಕೊಡುವುದು ಬ್ರ್ಯಾಂಡು, ಬೈಸಿಕೊಳ್ಳುವುದು ಅಂಗಡಿ. ಕಿತ್ತ ಶೂವಿನ ಫೋಟೊ ತೆಗೆದು ವಿತರಕನಿಗೆ ಕಳಿಸಿ, ವಾರಗಟ್ಟಲೆ ಕಾದು, ಕೊನೆಗೆ ‘ಬಳಕೆಯ ಸವೆತ’ ಎಂಬ ಒಂದು ಸಾಲಿನ ಉತ್ತರ ಬಂದರೆ ಅಂಗಡಿಯವನು ಏನು ಮಾಡಬೇಕು? ಕೈಯಿಂದ ಹೊಸ ಜೋಡಿ ಕೊಟ್ಟರೆ ಹತ್ತು ಜೋಡಿ ಮಾರಿದ ಲಾಭ ಅಲ್ಲಿಗೆ ಹೋಗಬಹುದು. ವಿದೇಶಿ ಶೂ ತರಿಸುವವರ ಮೇಲೆ 2020ರ ಬಜೆಟ್ಟಿನಲ್ಲಿ ಆಮದು ಸುಂಕ 25ರಿಂದ 35 ಪ್ರತಿಶತಕ್ಕೆ ಏರಿತು. ಮೇಲೆ ಜಿಎಸ್‌ಟಿ, ಬಾಡಿಗೆ. ವ್ಯಾಪಾರ ಜೋರಾಗುವುದು ಮಳೆಗಾಲದ ಆಸುಪಾಸಿನ ಮತ್ತು ಹಿಮಾಲಯದ ಸೀಸನ್ನಿನ ಮುಂಚಿನ ಕೆಲವೇ ತಿಂಗಳು. ಇಷ್ಟರಲ್ಲಿ ಬೆಟ್ಟ ಬಲ್ಲ ಹುಡುಗರನ್ನು ಒಳ್ಳೆಯ ಸಂಬಳ ಕೊಟ್ಟು ಉಳಿಸಿಕೊಳ್ಳುವುದು ಸಣ್ಣ ಅಂಗಡಿಗೆ ಸುಲಭವಲ್ಲ. ಹೋದ ವಾರ ಮೊಬೈಲ್ ಕವರ್ ಮಾರುತ್ತಿದ್ದ ಹುಡುಗ ಈ ವಾರ ಟೆಂಟ್ ಮಾರುತ್ತಿರಬಹುದು. ಅದು ಅವನ ತಪ್ಪಲ್ಲ.

ಈ ಜಗಳದ ಎರಡೂ ತುದಿಗಳು ಒಂದೇ ಕಂಪನಿಯ ಚರಿತ್ರೆಯಲ್ಲಿ ಸಿಗುತ್ತವೆ. ಅಮೆರಿಕದ ಮೇನ್ ರಾಜ್ಯದ ಲಿಯಾನ್ ಲಿಯಾನ್‌ವುಡ್ ಬೀನ್ ಎಂಬವರು 1912ರಲ್ಲಿ ಬೇಟೆಗಾರರಿಗೆಂದು ಕೆಳಗೆ ರಬ್ಬರು, ಮೇಲೆ ಚರ್ಮದ ಬೂಟು ಮಾಡಿಸಿ ಅಂಚೆಯಲ್ಲಿ ಮಾರಿದರು. ಮೊದಲ 100 ಜೋಡಿಗಳಲ್ಲಿ 90 ವಾಪಸ್ ಬಂದವು. ಚರ್ಮ ರಬ್ಬರಿನಿಂದ ಬೇರ್ಪಟ್ಟಿತ್ತು. ಬೀನ್ ಎಲ್ಲರಿಗೂ ಹಣ ಹಿಂದಿರುಗಿಸಿದರು, ಸಾಲ ಮಾಡಿ ಬೂಟನ್ನು ತಿದ್ದಿದರು, ಮತ್ತೆ ಮಾರಿದರು. ಎಲ್.ಎಲ್. ಬೀನ್ ಕಂಪನಿ ಬೆಳೆದದ್ದೇ ಈ ಮಾತಿನ ಮೇಲೆ: ಯಾವಾಗ ಬೇಕಾದರೂ ತನ್ನಿ, ಬದಲಾಯಿಸಿ ಕೊಡುತ್ತೇವೆ.

ನೂರು ವರ್ಷ ನಡೆದ ಆ ಪದ್ಧತಿಯನ್ನು ಕಂಪನಿ 2018ರ ಫೆಬ್ರವರಿಯಲ್ಲಿ ನಿಲ್ಲಿಸಿ, ವಾಪಸಾತಿಗೆ ಒಂದು ವರ್ಷದ ಮಿತಿ ಹಾಕಿತು. ಸವೆದು ಸವೆದು ಹರಿದದ್ದನ್ನು ತಂದು ಹೊಸದು ಕೇಳುವವರು, ಹಳೆ ಸಾಮಾನಿನ ಮಾರಾಟದಲ್ಲಿ ಪುಡಿಗಾಸಿಗೆ ಕೊಂಡದ್ದನ್ನು ತಂದು ಪೂರ್ತಿ ದುಡ್ಡು ಕೇಳುವವರು ಹೆಚ್ಚಾಗಿದ್ದರು. ಐದು ವರ್ಷಗಳಲ್ಲಿ ಸುಮಾರು 25 ಕೋಟಿ ಡಾಲರ್ ನಷ್ಟವಾಗಿದೆ ಎಂದು ಕಂಪನಿ ಹೇಳಿತು. ಆರ್‌ಇಐ ಎಂಬ ದೊಡ್ಡ ಸಹಕಾರಿ ಅಂಗಡಿ ಅದಕ್ಕೂ ಮೊದಲೇ, 2013ರಲ್ಲಿ, ಇಂಥದೇ ಕಾರಣಕ್ಕೆ ವಾಪಸಾತಿಯನ್ನು ಒಂದು ವರ್ಷಕ್ಕೆ ಇಳಿಸಿತ್ತು. ಅಂಗಡಿಯ ಔದಾರ್ಯವನ್ನು ಗಿರಾಕಿಗಳೇ ಬರಿದು ಮಾಡಿದ ಉದಾಹರಣೆಗಳಿವು. ನಮ್ಮ ಅಂಗಡಿಗಳ ಅನುಮಾನದ ಮುಖವನ್ನು ನೋಡಿ ಬೇಸರಪಡುವಾಗ ಇದನ್ನು ನಾವು ಮರೆಯಬಾರದು.

ಆದರೆ ಎಲ್.ಎಲ್. ಬೀನ್ ಬಾಗಿಲನ್ನು ಪೂರ್ತಿ ಮುಚ್ಚಲಿಲ್ಲ. ಒಂದು ವರ್ಷದ ನಂತರವೂ ಸಾಮಗ್ರಿಯ ಅಥವಾ ತಯಾರಿಕೆಯ ದೋಷವಿದ್ದರೆ ಪರಿಶೀಲಿಸುತ್ತೇವೆ ಎಂದು ಹೊಸ ನಿಯಮದಲ್ಲೂ ಉಳಿಸಿಕೊಂಡಿತು. ನನಗೆ ಬೇಕಾದದ್ದು ಇಷ್ಟೇ. ಹೊಸ ಜೋಡಿ ಕೊಡಲಾಗದು ಎನ್ನುವ ಹಕ್ಕು ಅಂಗಡಿಗೆ ಇದೆ. ಶೂವನ್ನು ಕೈಗೆತ್ತಿಕೊಂಡು, ಎಲ್ಲಿ ಕಿತ್ತಿದೆ ಎಂದು ನೋಡಿ, ಕಾರಣ ಹೇಳಿ, ‘ಹೊಸ ಅಟ್ಟೆ ಹಾಕಿಸಬಹುದು, ಇಂಥಲ್ಲಿ ಹಾಕುತ್ತಾರೆ’ ಎನ್ನುವುದಕ್ಕೆ ಕಾಸು ಖರ್ಚಿಲ್ಲ. ಆ ಅಂಗಡಿಯಲ್ಲಿ ಇಷ್ಟಾಗಿದ್ದರೆ ಹುಡುಗಿ ಹೊಸ ಶೂವನ್ನೂ ಅಲ್ಲೇ ಕೊಳ್ಳುತ್ತಿದ್ದಳು.

ಗಿರಾಕಿಯ ಪಾಲಿನ ತಪ್ಪು ಎದ್ದು ಕಾಣುವುದು ಸ್ಲೀಪಿಂಗ್ ಬ್ಯಾಗು, ಜಾಕೆಟ್ಟುಗಳಲ್ಲಿ. ಸ್ಲೀಪಿಂಗ್ ಬ್ಯಾಗಿನ ಚಳಿ ತಡೆಯುವ ಶಕ್ತಿಯನ್ನು ಅಳೆಯಲು ಐಎಸ್ಒ 23537 ಎಂಬ ಮಾನದಂಡವಿದೆ. ಅದರ ಪ್ರಕಾರ ಅಳೆದ ಬ್ಯಾಗಿನ ಮೇಲೆ ಬೇರೆ ಬೇರೆ ಉಷ್ಣಾಂಶ ಇರುತ್ತದೆ: ಹಾಯಾಗಿ ಮಲಗುವಷ್ಟು, ಮುದುರಿ ಮಲಗಿ ತಡೆಯುವಷ್ಟು, ಜೀವ ಉಳಿಯುವಷ್ಟು. ಕೊನೆಯ ಅಂಕಿಯಲ್ಲಿ ನಿದ್ದೆಯ ಮಾತೇ ಇಲ್ಲ. ಕಡಿಮೆ ದುಡ್ಡಿಗೆ ಮೈನಸ್ ಹತ್ತು ಎಂದು ಓದಿ, ಅದು ಯಾವ ಅಂಕಿ ಎಂದು ಕೇಳದೆ ಕೊಂಡು, ಕೇದಾರಕಂಠದ ಹಿಮದಲ್ಲಿ ರಾತ್ರಿಯಿಡೀ ನಡುಗಿ ಬಂದು ಅಂಗಡಿಯವನ ಮೇಲೆ ಎಗರಿದರೆ ಪೂರ್ತಿ ನ್ಯಾಯವಲ್ಲ. ಕೇಳದವನ ತಪ್ಪು ಅರ್ಧ, ಆ ಅಂಕಿಯನ್ನೇ ದೊಡ್ಡದಾಗಿ ತೋರಿಸಿ ಮಾರಿದವನ ತಪ್ಪು ಅರ್ಧಕ್ಕಿಂತ ಸ್ವಲ್ಪ ಹೆಚ್ಚು.

ಜಾಕೆಟ್ಟಿನದು ಗಿರಾಕಿಯ ಕಡೆಗೇ ವಾಲುವ ತಪ್ಪು. ಒಳಪೊರೆ ನೀರು ತಡೆದರೂ ಹೊರಬಟ್ಟೆಯ ಮೇಲಿನ ಲೇಪ ಕೊಳೆ, ಬೆವರಿನಿಂದ ಮಂಕಾಗುತ್ತದೆ. ಆಗ ಹೊರಬಟ್ಟೆ ನೀರು ಹೀರುತ್ತದೆ, ಮೈಯ ಬೆವರು ಹೊರಹೋಗದೆ ಒಳಗೇ ಹನಿಗಟ್ಟುತ್ತದೆ, ಜಾಕೆಟ್ ಸೋರಿತು ಅನಿಸುತ್ತದೆ. ಸೌಮ್ಯ ಸೋಪಿನಲ್ಲಿ ಒಗೆದು ಹದ ಬಿಸಿಯಲ್ಲಿ ಒಣಗಿಸಿದರೆ, ಮತ್ತೆ ಲೇಪ ಹಚ್ಚಿದರೆ ಎಷ್ಟೋ ಸರಿಹೋಗುತ್ತದೆ. ಒಳಗೆ ಹೊಲಿದ ಚೀಟಿಯಲ್ಲಿ ಒಗೆಯುವ ಕ್ರಮ ಇರುತ್ತದೆ, ನಾವು ಓದುವುದಿಲ್ಲ.

ಕಾನೂನು ಈ ವಿಷಯದಲ್ಲಿ ಸಾಕಷ್ಟು ಸ್ಪಷ್ಟವಾಗಿದೆ. ‘ಮಾರಿದ ಸಾಮಾನು ವಾಪಸ್ ಪಡೆಯುವುದಿಲ್ಲ’ ಎಂದು ಬಿಲ್ಲಿನಲ್ಲಿ ಅಚ್ಚು ಹಾಕಿಸಿದರೆ ಅಂಗಡಿ ಪಾರಾಗುವುದಿಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದೋಷವಿರುವ ಸಾಮಾನನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದಿರುವುದೂ ಅಷ್ಟೇ. ಆದರೆ ಕಾಯ್ದೆ ದೋಷದ ಬಗ್ಗೆ ಹೇಳುತ್ತದೆ. ಬಣ್ಣ ಹಿಡಿಸಲಿಲ್ಲ, ಟ್ರಿಪ್ ಕ್ಯಾನ್ಸಲ್ ಆಯಿತು ಎನ್ನುವವರಿಗೆ ಅಲ್ಲಿ ಆಸರೆಯಿಲ್ಲ. ಇದೇ ಕಾಯ್ದೆಯ ಉತ್ಪನ್ನ ಹೊಣೆಗಾರಿಕೆಯ ಭಾಗ ನನಗೆ ಇನ್ನೂ ಮುಖ್ಯವಾಗಿ ಕಾಣುತ್ತದೆ. ತಯಾರಕರು ಕೊಟ್ಟ ಎಚ್ಚರಿಕೆ, ಬಳಕೆಯ ಸೂಚನೆಗಳನ್ನು ಮಾರುವವನು ಗಿರಾಕಿಗೆ ದಾಟಿಸದೆ, ಅದರಿಂದಲೇ ಪೆಟ್ಟಾದರೆ ಮಾರಿದವನೂ ಹೊಣೆ. ಬರೀ ಶೂ ಹಾಳಾದ ನಷ್ಟ ಇದರಲ್ಲಿ ಬರುವುದಿಲ್ಲ, ಕಾಲು ಮುರಿದರೆ ಬರುತ್ತದೆ. ದೂರು ಕೊಡಬೇಕೆನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಬಿಲ್ಲು, ಡಬ್ಬಿಯ ಮೇಲಿನ ಚೀಟಿ, ಕಿತ್ತ ಜಾಗದ ಫೋಟೊ ಇಟ್ಟುಕೊಂಡೇ ಫೋನ್ ಮಾಡಿ.

ಅಂಗಡಿಯಲ್ಲಿ ಅಳತೆ ನೋಡಿ ಆನ್‌ಲೈನಿನಲ್ಲಿ ಕೊಳ್ಳುವವರ ವಿಷಯದಲ್ಲಿ ನಾನು ಪೂರ್ತಿ ಅಂಗಡಿಯ ಪಕ್ಷ. ಒಳ್ಳೆಯ ಮಾರಾಟಗಾರ ಸಂಜೆ ಬನ್ನಿ, ಪಾದ ಊದಿರುತ್ತದೆ ಅನ್ನುತ್ತಾನೆ. ದಪ್ಪ ಕಾಲುಚೀಲ ಕೊಟ್ಟು, ಲೇಸು ಬಿಗಿಸಿ, ಇಳಿಜಾರಿನ ಹಲಗೆಯ ಮೇಲೆ ನಡೆಸಿ, ಹೆಬ್ಬೆರಳು ಮುಂದೆ ತಾಗುತ್ತದೆಯೇ ಎಂದು ಕೇಳುತ್ತಾನೆ. ತಾಗಿದರೆ ತಡಿಯಾಂಡಮೋಳ್ ಇಳಿಯುವಷ್ಟರಲ್ಲಿ ಉಗುರು ಕಪ್ಪಾಗುತ್ತದೆ ಎಂದು ಅವನಿಗೆ ಗೊತ್ತು. ಅದು ದುಡ್ಡಿನ ಬೆಲೆಯುಳ್ಳ ಕೆಲಸ. ಅಳತೆಗೆ ಇಷ್ಟು ರೂಪಾಯಿ ಎಂದು ಅಂಗಡಿಗಳು ಬಹಿರಂಗವಾಗಿ ಬರೆದು ಹಾಕಲಿ, ಶೂ ಕೊಂಡರೆ ಆ ಮೊತ್ತವನ್ನು ಬಿಲ್ಲಿನಲ್ಲಿ ಕಳೆಯಲಿ. ಕೊಳ್ಳದೆ ಹೋಗುವವರು ಆ ಗಂಟೆಯ ದುಡ್ಡು ಕೊಟ್ಟು ಹೋಗಲಿ. ಡಬ್ಬಿಯ ದಿನಾಂಕ ತೋರಿಸಿ, ಇಟ್ಟುಕೊಳ್ಳುವ ಕ್ರಮ ಹೇಳಿ ಕಳಿಸುವುದಾದರೆ ನಾನಂತೂ ಸಂತೋಷದಿಂದ ಕೊಡುತ್ತೇನೆ.