ಸೆಮಿನರಿಯ ಅಧ್ಯಾಪಕರ ಕುರಿತು ಹಕ್ಕೊತ್ತಾಯ ಪತ್ರ

ಕರಾವಳಿಗೆ ಗುರುಗಳನ್ನು ತಯಾರು ಮಾಡುವ ಸೆಮಿನರಿಗಳ ಆಡಳಿತ ಮಂಡಳಿಗಳಿಗೆ,

ಮಾನ್ಯರೇ,

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಕ್ರೈಸ್ತರು ನಾವು. ಜೆಪ್ಪುವಿನ ಸಂತ ಜೋಸೆಫ್ ಸೆಮಿನರಿ 1879ರಿಂದ, ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜು 1965ರಿಂದ ಗುರುಗಳನ್ನು, ಸಭಾಪಾಲಕರನ್ನು ತರಬೇತುಗೊಳಿಸುತ್ತ ಬಂದಿವೆ. ತರಗತಿಯಲ್ಲಿ ಅಧ್ಯಾಪಕರು ಕಲಿಸಿದ್ದೇ ಮುಂದೆ ನಮ್ಮ ಮದುವೆಯಲ್ಲಿ, ಸಾವಿನ ಮನೆಯಲ್ಲಿ ಕೇಳಿಸುತ್ತದೆ. ಅಂಥ ಅಧ್ಯಾಪಕರ ನೇಮಕದ ಬಗ್ಗೆ ಮಾತಾಡುವ ಹಕ್ಕು ನಮಗಿದೆ.

1. ತಮ್ಮ ವಿಷಯವನ್ನು ಕನ್ನಡದಲ್ಲಿ ಪಾಠ ಮಾಡಬಲ್ಲವರನ್ನೇ ಅಧ್ಯಾಪಕರಾಗಿ ನೇಮಿಸಬೇಕು. ನಮ್ಮಲ್ಲಿ ಮನೆಯೊಳಗೆ ಕೊಂಕಣಿ, ಪೇಟೆಯಲ್ಲಿ ಕುಂದಾಪ್ರ ಕನ್ನಡ. ಬ್ರಹ್ಮಾವರದ ಕಡೆ ತುಳುವೂ ಉಂಟು. ಇವರೆಲ್ಲರನ್ನೂ ಒಟ್ಟಿಗೆ ತಲುಪುವ ಭಾಷೆ ಕನ್ನಡ.

2. ಪ್ರತಿ ಅಧ್ಯಾಪಕರಿಗೂ ಐದು ವರ್ಷಕ್ಕೊಮ್ಮೆ ಸಂಬಳಸಹಿತ ರಜೆ ಕೊಟ್ಟು ಒಂದು ಕನ್ನಡ ಪಠ್ಯಪುಸ್ತಕ ಬರೆಸಬೇಕು. ಜರ್ಮನಿಯಿಂದ ಬಂದ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರು ಸಮಾಚಾರ’ ಪತ್ರಿಕೆ ಹೊರಡಿಸಿದರು. ಅಲ್ಲಿಂದಲೇ ಬಂದ ಕಿಟೆಲರ ಕನ್ನಡ ನಿಘಂಟು 1894ರಲ್ಲಿ ಅಚ್ಚಾಯಿತು. ಪರದೇಶದವರು ಅಷ್ಟು ದುಡಿದ ಮೇಲೆ, ಈ ನೆಲದಲ್ಲೇ ಹುಟ್ಟಿದವರಿಂದ ಒಂದು ಪುಸ್ತಕ ಕೇಳುವುದು ಹೆಚ್ಚಲ್ಲ.

3. ನಮ್ಮ ಊರುಗಳ ಚರಿತ್ರೆ ಕಡ್ಡಾಯ ವಿಷಯವಾಗಬೇಕು. ಕುಂದಾಪುರದ ರೊಜಾರಿಯೊ ಮಾತೆಯ ಇಗರ್ಜಿ 1570ರದ್ದು. 2015ರಲ್ಲಿ ಸಂತರೆಂದು ಘೋಷಿತರಾದ ಜೋಸೆಫ್ ವಾಜರು 1681ರಿಂದ ಕೆಲವು ವರ್ಷ ಕೆನರಾದಲ್ಲಿ ದುಡಿದವರು. 1784ರಲ್ಲಿ ಟಿಪ್ಪುವಿನ ಸೆರೆಗೆ ಹೋದ ಕೆನರಾ ಕ್ರೈಸ್ತರ ಕಥೆ ನಮ್ಮ ಕುಟುಂಬಗಳ ನೆನಪಿನಲ್ಲಿ ಇಂದಿಗೂ ಹಸಿಯಾಗಿದೆ. ಬ್ರಹ್ಮಾವರದ್ದಂತೂ ಬೇರೆಯೇ ಕಥೆ: ಗೋವಾದ ಅಲ್ವಾರಿಸ್ ಮಾರ್ ಜೂಲಿಯಸ್ 1889ರಲ್ಲಿ ಕೊಟ್ಟಾಯಂನ ಹಳೆ ಸೆಮಿನರಿಯಲ್ಲಿ ಆರ್ಥಡಾಕ್ಸ್ ಬಿಷಪರಾದರು, ಅವರ ಜೊತೆಗಾರ ಫಾದರ್ ನೊರೊನ್ಹಾ ಬ್ರಹ್ಮಾವರದಲ್ಲೇ ದುಡಿದು 1936ರಲ್ಲಿ ಇಲ್ಲೇ ಮಣ್ಣಾದರು. ಕೊಂಕಣಿ ಮಾತಾಡುವ ಆರ್ಥಡಾಕ್ಸ್ ಸಭೆಯೊಂದು ಇಲ್ಲಿದೆಯೆಂದು ತಿಳಿಯದೆ ಯಾವ ವಿದ್ಯಾರ್ಥಿಯೂ ದೀಕ್ಷೆ ಪಡೆಯಬಾರದು. ಆ ಸಭೆಯ ಯುವಕರು ಕಲಿಯುವ ಸೆಮಿನರಿಯಲ್ಲಿ ಕೊಂಕಣಿ ಬಲ್ಲ ಅಧ್ಯಾಪಕರೊಬ್ಬರಾದರೂ ಇರಬೇಕು.

4. ಅಧ್ಯಾಪಕರು ವರ್ಷಕ್ಕೊಂದು ತಿಂಗಳು ಇಲ್ಲಿಗೆ ಬಂದು ಉಳಿಯಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದ್ದು, ಗಂಗೊಳ್ಳಿ ಬಂದರಿನಲ್ಲಿ ದೋಣಿಗಳು ದಡ ಸೇರಿರುತ್ತವೆ. ಆಗ ಬರಲಿ. ಮಕ್ಕಳು ಗಲ್ಫಿಗೋ ಬೆಂಗಳೂರಿಗೋ ಹೋಗಿ ಒಂಟಿಯಾದ ಹಿರಿಯರ ಮನೆಗಳಲ್ಲಿ ಕೂತು ಮಾತಾಡಲಿ. ಮೀನುಗಾರರಾದ ಖಾರ್ವಿ, ಮೊಗವೀರ ನೆರೆಯವರ ಕಷ್ಟಸುಖವನ್ನೂ ಕೇಳಲಿ.

5. ಧರ್ಮಭಗಿನಿಯರನ್ನೂ ಗೃಹಸ್ಥ ಮಹಿಳೆಯರನ್ನೂ ಅತಿಥಿ ಉಪನ್ಯಾಸಕರಾಗಿ ಅಲ್ಲ, ಪೂರ್ಣಾವಧಿ ಹುದ್ದೆಗೇ ನೇಮಿಸಬೇಕು. ನಮ್ಮ ಮಕ್ಕಳಿಗೆ ಧರ್ಮೋಪದೇಶ ಕಲಿಸುತ್ತಿರುವವರು ಬಹುಪಾಲು ಅವರೇ.

6. ಗೃಹಸ್ಥ ಅಧ್ಯಾಪಕರಿಗೆ ನೇಮಕಪತ್ರ, ನ್ಯಾಯವಾದ ಸಂಬಳ, ಭವಿಷ್ಯನಿಧಿ ಕೊಡಬೇಕು.

ಮುಂದಿನ ಶೈಕ್ಷಣಿಕ ವರ್ಷ ಆರಂಭವಾಗುವ ಮೊದಲು ಪ್ರತಿ ಬೇಡಿಕೆಗೂ ಲಿಖಿತ ಉತ್ತರ ಕೊಡಿ, ಅದು ಕನ್ನಡದಲ್ಲಿರಲಿ.

ಇತಿ,
ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಕ್ರೈಸ್ತ ವಿಶ್ವಾಸಿಗಳು