ಒಂಬತ್ತೂವರೆ ಸಾವಿರದ ಚೂರಿ

ಬಕ್ರೀದ್ ಹತ್ತಿರ ಬಂತೆಂದರೆ ನಮ್ಮ ಮನೆಗಳಲ್ಲಿ ಕುರಿಯ ಬೆಲೆಯ ಮಾತು ಶುರುವಾಗುತ್ತದೆ. ಈ ಸಲ ಅನುಗೊಂಡನಹಳ್ಳಿಯ ನಮ್ಮ ಮನೆಯಲ್ಲಿ ಕುರಿಗಿಂತ ಮೊದಲು ಚೂರಿಯ ಮಾತು ಬಂತು. ವೈಟ್‌ಫೀಲ್ಡ್ ಕಡೆ ಕೆಲಸಕ್ಕೆ ಹೋಗುವ ನನ್ನ ಕಿರಿಮಗ ಒಂದು ರಾತ್ರಿ ಊಟವಾದ ಮೇಲೆ ಮೊಬೈಲ್ ತಂದು ನನ್ನ ಮುಂದೆ ಹಿಡಿದ. ಅದರಲ್ಲಿ ಒಂದು ವಿದೇಶಿ ಚೂರಿ. ಮಡಿಸುವಂಥದ್ದಲ್ಲ, ಅಲಗು ಹಿಡಿಯೊಳಗೆ ಭದ್ರವಾಗಿ ಕೂತಿರುವಂಥದ್ದು. ಚರ್ಮದ ಒರೆ ಬೇರೆ.

"ಅಮ್ಮೀ, ಒಂದ್ಸಲ ತಗೊಂಡ್ರೆ ಜೀವಮಾನವೆಲ್ಲ ಬರುತ್ತೆ. ಒಂಬತ್ತೂವರೆ ಸಾವಿರ ಅಷ್ಟೇ" ಎಂದ.

"ಅಷ್ಟೇ" ಎಂಬ ಮಾತಿಗೆ ನನಗೆ ಸಿಟ್ಟು ಬಂತು. ಆ ದುಡ್ಡಿನಲ್ಲಿ ಮನೆಗೆ ಒಂದು ತಿಂಗಳ ದಿನಸಿ ಬರುತ್ತದೆ. ಬೈಯಬೇಕೆಂದು ಬಾಯಿ ತೆರೆದವಳು ಅವನ ಮುಖ ನೋಡಿ ಸುಮ್ಮನಾದೆ. ಅವನು ಯಾಕೆ ಕೇಳುತ್ತಿದ್ದಾನೆಂದು ನನಗೆ ಗೊತ್ತಿತ್ತು.

ಹೋದ ವರ್ಷ ಹಬ್ಬದ ದಿನ ಕಸಾಯಿ ಬರುವುದು ತಡವಾಯಿತು. ಒಂದು ಮನೆ ಮುಗಿಸಿ ಇನ್ನೊಂದು ಮನೆಗೆ ಓಡುವವರು ಅವರು, ಅವರದೇನೂ ತಪ್ಪಿಲ್ಲ. ಕಾದು ಕಾದು ನಮ್ಮ ಯಜಮಾನರು ತಾವೇ ಮಾಡುತ್ತೇನೆಂದು ಅಟ್ಟದ ಮೇಲಿದ್ದ ಮಾವನವರ ಕಾಲದ ಚೂರಿ ಇಳಿಸಿದರು. ಒಂದೇ ಎಳೆತಕ್ಕೆ ಆಗಬೇಕಾದ ಕೆಲಸ ಆಗಲಿಲ್ಲ. ಎರಡನೆಯ ಸಲ, ಮೂರನೆಯ ಸಲ... ಕುರಿಯ ಕಾಲು ಹಿಡಿದುಕೊಂಡಿದ್ದವನು ಇದೇ ಮಗ. ಅವನು ಅಂದು ಮಧ್ಯಾಹ್ನ ಊಟಕ್ಕೆ ಕೂರಲಿಲ್ಲ. ನಮ್ಮ ಅತ್ತೆ, "ಕುರ್ಬಾನಿ ಕೊಟ್ಟೆವು, ಆದರೆ ಆ ಮೂಕ ಪ್ರಾಣಿಗೆ ಕಷ್ಟ ಕೊಟ್ಟೆವು" ಎಂದು ತಸ್ಬೀಹ್ ಹಿಡಿದು ಒಳಗೆ ಹೋದರು.

ಪ್ರತಿ ಕೆಲಸವನ್ನೂ ಚೆನ್ನಾಗಿ ಮಾಡಬೇಕು, ಝಬಹ್ ಮಾಡುವಾಗ ಅಲಗನ್ನು ಹರಿತಗೊಳಿಸಿ ಪ್ರಾಣಿಗೆ ಆರಾಮ ಕೊಡಬೇಕು ಎಂದು ಪ್ರವಾದಿ(ಸ)ರವರು ಬೋಧಿಸಿದ್ದು ಸಹೀಹ್ ಮುಸ್ಲಿಮ್‌ನಲ್ಲಿ ಬಂದಿದೆ. ನಾವೆಲ್ಲ ಕೇಳಿರುವ ಮಾತೇ. ಹಾಗಿರುವಾಗ ಮಗನ ಬೇಡಿಕೆಯನ್ನು ಶೋಕಿ ಎಂದು ತಳ್ಳಿಹಾಕುವಂತಿರಲಿಲ್ಲ. ಆದರೆ ಕೇಳಿದ ತಕ್ಷಣ ದುಡ್ಡು ಬಿಚ್ಚುವುದೂ ಸರಿಯಲ್ಲ. "ಒಂದು ವಾರ ತಡಿ, ವಿಚಾರಿಸೋಣ" ಎಂದೆ. ಆ ವಾರದಲ್ಲಿ ನಾನು ತಿಳಿದುಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು, ಒಂದು ಚೂರಿಗೆ ಅಷ್ಟು ಬೆಲೆ ಯಾಕೆ? ದೊಡ್ಡ ಕಾರಣ ಉಕ್ಕು. ಕಬ್ಬಿಣಕ್ಕೆ ಇಂಗಾಲ ಸೇರಿದರೆ ಉಕ್ಕು. ಇಂಗಾಲ ಹೆಚ್ಚಾದಷ್ಟೂ ಅಲಗು ಗಡಸಾಗುತ್ತದೆ, ಹರಿತ ಹೆಚ್ಚು ಕಾಲ ನಿಲ್ಲುತ್ತದೆ. ಕನಿಷ್ಠ ಶೇ. 10.5ರಷ್ಟು ಕ್ರೋಮಿಯಂ ಸೇರಿದರೆ ಅದು ಸುಲಭವಾಗಿ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲ್. ಮಗ ತೋರಿಸಿದ ಚೂರಿ 'ಡಿ2' ಎಂಬ ಉಕ್ಕಿನದು. ಅದರಲ್ಲಿ ಇಂಗಾಲ ಸುಮಾರು ಶೇ. 1.5, ಕ್ರೋಮಿಯಂ ಸುಮಾರು ಶೇ. 12. ಎರಡನೆಯ ಕಾರಣ ಹದ. ಕಾಯಿಸಿ, ತಣಿಸಿ, ಮತ್ತೆ ಹದವಾಗಿ ಕಾಯಿಸುವ ಕೆಲಸ ಕೆಟ್ಟರೆ ಎಷ್ಟು ಒಳ್ಳೆಯ ಉಕ್ಕಾದರೂ ವ್ಯರ್ಥ. ಗಡಸುತನ ಅಳೆಯಲು ರಾಕ್‌ವೆಲ್ ಎಂಬ ಅಳತೆ ಇದೆ. ಯುರೋಪಿನ ಅಡುಗೆಮನೆ ಚಾಕುಗಳು ಸಾಮಾನ್ಯವಾಗಿ 55ರಿಂದ 58ರೊಳಗೆ ಇರುತ್ತವೆ, ಡಿ2 ಚೂರಿಗಳು 60ರ ಆಸುಪಾಸು. ಮೂರನೆಯದು ಹಿಡಿ. ಅಲಗಿನ ಲೋಹ ಹಿಡಿಯ ತುದಿಯವರೆಗೂ ಒಂದೇ ಪಟ್ಟಿಯಾಗಿ ಹೋಗಿದ್ದರೆ ಹಿಡಿ ಸಡಿಲವಾಗಿ ಕೈಗೆ ಬರುವ ಭಯವಿಲ್ಲ. ಇಷ್ಟಕ್ಕೆ ಕೊಡುವ ದುಡ್ಡು ನ್ಯಾಯವಾದ ದುಡ್ಡು. ಒರೆ, ಪೆಟ್ಟಿಗೆ, ಹೆಸರು ಇವಕ್ಕೆ ಕೊಡುವುದು ಬೇರೆ ಲೆಕ್ಕ.

ಹೆಸರಿನ ಬೆಲೆ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಪಕ್ಕದ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನರ ಒಂದು ಖಡ್ಗ 2023ರ ಮೇ ತಿಂಗಳಲ್ಲಿ ಲಂಡನ್ನಿನ ಬೊನ್‌ಹ್ಯಾಮ್ಸ್ ಹರಾಜಿನಲ್ಲಿ 1 ಕೋಟಿ 40 ಲಕ್ಷ ಪೌಂಡಿಗೆ ಹೋಯಿತು. ನಮ್ಮ ಲೆಕ್ಕದಲ್ಲಿ 140 ಕೋಟಿ ರೂಪಾಯಿಗೂ ಹೆಚ್ಚು. ಅದು ಕತ್ತರಿಸುವುದಕ್ಕೆ ಕೊಟ್ಟ ಬೆಲೆಯಲ್ಲ, ಚರಿತ್ರೆಗೆ ಕೊಟ್ಟ ಬೆಲೆ. ಇನ್ನು ಒಳ್ಳೆಯ ಉಕ್ಕು ವಿದೇಶದಿಂದಲೇ ಬರಬೇಕು ಎನ್ನುವವರು ಒಂದು ವಿಷಯ ತಿಳಿಯಬೇಕು. ಟಿಪ್ಪು ತೀರಿಕೊಂಡ ಮರುವರ್ಷ, 1800-01ರಲ್ಲಿ, ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಾಗಡಿ ಕಡೆ ಕಬ್ಬಿಣ, ಉಕ್ಕು ತಯಾರಿಸುತ್ತಿದ್ದುದನ್ನು ಕಂಡು ಬರೆದಿದ್ದಾನೆ. ಮಣ್ಣಿನ ಪುಟ್ಟ ಮೂಸೆಗಳಲ್ಲಿ ಕಬ್ಬಿಣದ ಜೊತೆ ಸೊಪ್ಪು-ಕಟ್ಟಿಗೆ ಹಾಕಿ ಬಾಯಿ ಮುಚ್ಚಿ ಕಾಯಿಸುವ ವಿಧಾನ ಅದು. ಈ ಉಕ್ಕನ್ನು ಇಂಗ್ಲಿಷರು 'ವೂಟ್ಸ್' ಎಂದರು. ನಮ್ಮ 'ಉಕ್ಕು' ಎಂಬ ಮಾತೇ ಅವರ ಬಾಯಲ್ಲಿ ಹಾಗಾಯಿತೆಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. 1819ರಲ್ಲಿ ವಿಜ್ಞಾನಿ ಮೈಕೆಲ್ ಫ್ಯಾರಡೆ ಅದರ ಗುಟ್ಟು ತಿಳಿಯಲು ಪರೀಕ್ಷೆಗೆ ಕೂತಿದ್ದ.

ಎರಡನೆಯ ಪ್ರಶ್ನೆ, ಈ ಚೂರಿ ನಮ್ಮ ಕೆಲಸಕ್ಕೆ ಬರುತ್ತದೆಯೇ? ಇದನ್ನು ಕೇಳಲು ಹೊಸಕೋಟೆಯಲ್ಲಿ ಮಟನ್ ಅಂಗಡಿ ಇಟ್ಟಿರುವ ನಮ್ಮ ದೂರದ ಸಂಬಂಧದ ಮಾಮು ಹತ್ತಿರ ಹೋದೆವು. ಮೊಬೈಲಿನ ಚಿತ್ರ ನೋಡಿ ಅವರು ನಕ್ಕರು.

"ಬೇಟಾ, ಇದು ಕಾಡಲ್ಲಿ ಕಡ್ಡಿ ಸೀಳೋಕೆ ಚೆನ್ನಾಗಿದೆ. ನಾಲ್ಕೂವರೆ ಅಂಗುಲದ ಅಲಗಲ್ಲಿ ಝಬಹ್ ಹೇಗೆ ಮಾಡ್ತೀಯ? ಬೆನ್ನು ನೋಡು, ಎಷ್ಟು ದಪ್ಪ ಇದೆ."

ಅವರ ಮಾತು ಬರಿಯ ಅನುಭವದ ಮಾತಲ್ಲ. ಪ್ರಾಣಿಗಳಿಗೆ ಆದಷ್ಟು ಕಡಿಮೆ ನೋವಾಗಬೇಕೆಂದು ದೀರ್ಘಕಾಲ ಅಧ್ಯಯನ ಮಾಡಿರುವ ಅಮೆರಿಕದ ಟೆಂಪಲ್ ಗ್ರಾಂಡಿನ್ ಎಂಬ ವಿಜ್ಞಾನಿ ಮಹಿಳೆ ಕೂಡ, ಅಲಗಿನ ಉದ್ದ ಪ್ರಾಣಿಯ ಕುತ್ತಿಗೆಯ ಅಗಲದ ಎರಡರಷ್ಟಾದರೂ ಇರಬೇಕೆನ್ನುತ್ತಾರೆ. ಅಲಗು ಗಿಡ್ಡವಾದರೆ ತುದಿ ಗಾಯದೊಳಗೆ ಚುಚ್ಚುತ್ತದೆ. ಚರ್ಮ ಸುಲಿಯಲು ಬೇಕಾದದ್ದು ಬಾಗಿದ ಸಣ್ಣ ಚೂರಿ, ಮೂಳೆಗೆ ಬೇಕಾದದ್ದು ಮಚ್ಚು. ಗಡಸು ಅಲಗನ್ನು ಮೂಳೆಗೆ ಹೊಡೆದರೆ ಬಾಯಿ ಚಕ್ಕೆ ಏಳುತ್ತದೆ. ಮೂರು ಕೆಲಸಕ್ಕೆ ಒಂದೇ ದುಬಾರಿ ಚೂರಿ ಸಾಕೆನ್ನುವುದು ಜಾಹೀರಾತಿನ ಮಾತು ಎಂದು ಅಲ್ಲಿ ತಿಳಿಯಿತು.

ಹಾಗೆಂದು ಮಾಮು ಅಗ್ಗದ ಚೂರಿ ಇಟ್ಟುಕೊಂಡವರಲ್ಲ. ಅವರ ಕೈಯಲ್ಲಿದ್ದದ್ದು ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್, 1884ರಿಂದ ಇರುವ ಕಂಪೆನಿ. ಎರಡು ಸಾವಿರದ ನಾನೂರು ಕೊಟ್ಟಿದ್ದಾರಂತೆ. ವರ್ಷಕ್ಕೆ ಮುನ್ನೂರು ದಿನ ಅಂಗಡಿ, ಮೂರು ವರ್ಷ ಬಾಳಿಕೆ ಎಂದರೂ ಒಂಬೈನೂರು ದಿನ. ದಿನಕ್ಕೆ ಮೂರು ರೂಪಾಯಿಯೂ ಬೀಳುವುದಿಲ್ಲ. ನಮ್ಮ ಮನೆಯ ಲೆಕ್ಕ ಹಾಕಿ ನೋಡಿ: ಒಂಬತ್ತೂವರೆ ಸಾವಿರದ ಚೂರಿ ಹತ್ತು ವರ್ಷ ಬಂದರೂ ಹತ್ತು ಬಕ್ರೀದ್. ಒಂದು ದಿನಕ್ಕೆ ಒಂಬೈನೂರ ಐವತ್ತು ರೂಪಾಯಿ! ಬೆಲೆ ಹೆಚ್ಚೋ ಕಡಿಮೆಯೋ ಎಂಬುದನ್ನು ಚೀಟಿ ನೋಡಿ ಹೇಳಲಾಗದು, ಬಳಸುವ ದಿನಗಳಿಂದ ಭಾಗಿಸಿ ನೋಡಬೇಕು. ದಿನವೂ ಮಾಂಸ ಕತ್ತರಿಸುವವರಿಗೆ ಒಳ್ಳೆಯ ಚೂರಿಗೆ ಕೊಟ್ಟ ದುಡ್ಡು ವಾಪಸು ಬರುತ್ತದೆ. ಕೈ ನೋವು ಉಳಿಯುತ್ತದೆ, ಸಮಯ ಉಳಿಯುತ್ತದೆ. ವರ್ಷಕ್ಕೊಮ್ಮೆ ಅಟ್ಟದಿಂದ ಇಳಿಸುವವರಿಗೆ ಬರುವುದಿಲ್ಲ.

ಹೊರಡುವಾಗ ಮಾಮು ಕೇಳಿದರು, "ಹೋದ ವರ್ಷದ ಚೂರಿ ಎಲ್ಲಿ? ಅದನ್ನು ಯಾರಿಗಾದರೂ ತೋರಿಸಿದ್ರಾ?"

ತೋರಿಸಿರಲಿಲ್ಲ. ಮನೆಗೆ ಬಂದವಳೇ ಅದನ್ನು ಹಳೆಯ ಬಟ್ಟೆಯಲ್ಲಿ ಸುತ್ತಿಕೊಂಡು ಮಗನನ್ನು ಕರೆದುಕೊಂಡು ಕುಲುಮೆಗೆ ಹೋದೆ. ಆಚಾರ್ರು ಉಗುರಿನಿಂದ ಅಲಗು ತಟ್ಟಿದರು, ಬೆಳಕಿಗೆ ಹಿಡಿದು ನೋಡಿದರು.

"ಇದು ಲಾರಿ ಪ್ಲೇಟ್ ಬಡಿದು ಮಾಡಿರೋದಮ್ಮ. ಬಲೇ ಉಕ್ಕು. ಇದಕ್ಕೇನೂ ಆಗಿಲ್ಲ. ಕಲ್ಲು ತೋರಿಸಿ ಎಷ್ಟು ವರ್ಷ ಆಯ್ತು?"

ನಾನು ಉತ್ತರ ಕೊಡಲಿಲ್ಲ. ಮಾವನವರು ತೀರಿಕೊಂಡ ಮೇಲೆ ಅದಕ್ಕೆ ಯಾರೂ ಕಲ್ಲು ತೋರಿಸಿರಲಿಲ್ಲ. ಆ ದಿನ ಕುರಿಗೆ ನೋವಾದದ್ದು ಚೂರಿ ಅಗ್ಗದ್ದೆಂದಲ್ಲ, ನಮ್ಮ ಅಲಕ್ಷ್ಯದಿಂದ. ಮಗನೂ ತಲೆ ತಗ್ಗಿಸಿ ನಿಂತಿದ್ದ.

ಆಚಾರ್ರು ಅರದಿಂದ ಮುಕ್ಕು ತೆಗೆದು, ಕಲ್ಲಿನ ಮೇಲೆ ನೀರು ಚಿಮುಕಿಸುತ್ತಾ ನಿಧಾನವಾಗಿ ಮಸೆದರು. ತಿರುಗುವ ಚಕ್ರಕ್ಕೆ ಒಣದಾಗಿ ಒತ್ತಿ ಹಿಡಿಯಬೇಡಿ, ಕಿಡಿ ಹಾರಿ ಅಲಗು ಕಾದು ನೀಲಿ ಬಣ್ಣಕ್ಕೆ ತಿರುಗಿದರೆ ಹದ ಹೋಯಿತೆಂದೇ ಲೆಕ್ಕ ಎಂದರು. ಕೊನೆಗೆ ಒಂದು ಹಾಳೆ ಎತ್ತಿ ಹಿಡಿದು ಚೂರಿ ತಾಗಿಸಿದರು. ಹಾಳೆ ಸದ್ದಿಲ್ಲದೆ ಎರಡಾಯಿತು. ಕೊಟ್ಟದ್ದು ನೂರು ರೂಪಾಯಿ.

ಸಹೋದರಿಯರೇ, ಚೂರಿ ಕೊಳ್ಳುವ ಮಾತು ಬಂದಾಗ ನಾಲ್ಕು ಪ್ರಶ್ನೆ ಕೇಳಿ. ಯಾವ ಕೆಲಸಕ್ಕೆ? ವರ್ಷಕ್ಕೆ ಎಷ್ಟು ದಿನ? ಮಸೆಯುವವರು ಯಾರು? ಈಗಿರುವುದು ನಿಜವಾಗಿ ಕೆಟ್ಟಿದೆಯೇ? ಮೂರನೆಯ ಪ್ರಶ್ನೆ ಮುಖ್ಯ. ಎಷ್ಟೇ ಬೆಲೆಯ ಚೂರಿಯಾದರೂ ಒಂದು ದಿನ ಮೊಂಡಾಗುತ್ತದೆ. ತೀರಾ ಗಡಸು ಉಕ್ಕು ತಡವಾಗಿ ಮೊಂಡಾಗುತ್ತದೆ, ಆದರೆ ಮತ್ತೆ ಹರಿತ ಮಾಡಲು ಮನೆಯ ಮಾಮೂಲಿ ಕಲ್ಲಿಗೆ ಅದು ಬೇಗ ಬಗ್ಗುವುದಿಲ್ಲ. ಕೊಳ್ಳುವುದೇ ಆದರೆ ಉದ್ದ ನೋಡಿ, ಹಿಡಿ ಒದ್ದೆ ಕೈಯಲ್ಲಿ ಜಾರುತ್ತದೆಯೇ ನೋಡಿ. ಕೀಲಿನಲ್ಲಿ ನೆತ್ತರು-ಕೊಬ್ಬು ಕೂರುವ ಮಡಿಸುವ ಚೂರಿ ಮಾಂಸದ ಕೆಲಸಕ್ಕೆ ಬೇಡ. ಕುಲುಮೆಯ ಚೂರಿಯಾದರೆ ಕೆಲಸವಾದ ಕೂಡಲೇ ತೊಳೆದು, ಒರೆಸಿ, ಒಂದು ಹನಿ ಎಣ್ಣೆ ಸವರಿಡಿ. ಹಬ್ಬದ ದಿನ ಬೆಳಿಗ್ಗೆ ಕುರಿಯ ಕಣ್ಣೆದುರು ಮಸೆಯಬೇಡಿ, ಹಿಂದಿನ ದಿನವೇ ಮುಗಿಸಿಡಿ.

ಇನ್ನೊಂದು ಮಾತು. ಕುಲುಮೆಯಿಂದ ಬರುವಾಗ ನಾನು ಮಗನಿಗೆ ಕೇಳಿದೆ: "ವರ್ಷಕ್ಕೊಂದು ದಿನದ ಚೂರಿಗೆ ಒಂಬತ್ತೂವರೆ ಸಾವಿರ ಕೊಡೋಕೆ ಹೊರಟಿದ್ದೆ. ಮುನ್ನೂರ ಅರವತ್ತೈದು ದಿನ ನಾನು ಈರುಳ್ಳಿ ಹೆಚ್ಚುವ ಚಾಕು ಎಷ್ಟರದ್ದು ಗೊತ್ತಾ?" ಅವನಿಗೆ ಗೊತ್ತಿರಲಿಲ್ಲ. ನಲವತ್ತು ರೂಪಾಯಿಯದು. ಮೊಂಡು ಚಾಕುವಿಗೆ ಹೆಚ್ಚು ಒತ್ತಬೇಕು, ಒತ್ತಿದಾಗ ಜಾರುತ್ತದೆ, ಜಾರಿದಾಗ ಬೆರಳು ಹೋಗುತ್ತದೆ. ನನ್ನ ಎಡಗೈ ತೋರುಬೆರಳಿನ ಗುರುತುಗಳನ್ನು ಅವನು ಅಂದೇ ಮೊದಲ ಸಲ ನೋಡಿದ. ನಿಮ್ಮ ಕೈಯಲ್ಲೂ ಅಂಥ ಗುರುತುಗಳಿರಬಹುದು. ಮನೆಯಲ್ಲಿ ಒಳ್ಳೆಯ ಚೂರಿಗೆಂದು ದುಡ್ಡಿದ್ದರೆ ಅದು ಮೊದಲು ಸಲ್ಲಬೇಕಾದದ್ದು ಅಡುಗೆಮನೆಗೆ.

ಅವನು ಆರುನೂರು ರೂಪಾಯಿಗೆ ಎರಡು ಬದಿಯ ಮಸೆಗಲ್ಲು ತಂದ, ಒಂದು ಬದಿ ಒರಟು, ಇನ್ನೊಂದು ನುಣುಪು. ಮುನ್ನೂರೈವತ್ತಕ್ಕೆ ನನಗೊಂದು ಚಾಕು ತಂದ. ಈಗ ಭಾನುವಾರ ಬೆಳಿಗ್ಗೆ ಜಗಲಿಯ ಮೇಲೆ ಕೂತು ಮಸೆಯುವುದು ಕಲಿಯುತ್ತಿದ್ದಾನೆ. ಮೊದಲ ವಾರ ಅಲಗಿಗಿಂತ ಅವನ ಉಗುರೇ ಹೆಚ್ಚು ಸವೆಯಿತು! ಆ ವಿದೇಶಿ ಚೂರಿಯ ಆಸೆ ಇನ್ನೂ ಪೂರ್ತಿ ಹೋಗಿಲ್ಲ. "ಒಂದು ವರ್ಷ ತಪ್ಪದೆ ಇವನ್ನು ಮಸೆದು ತೋರಿಸು, ಆಮೇಲೆ ನಿನ್ನ ಸಂಬಳದಲ್ಲಿ ಕೊಂಡುಕೋ, ನಾನು ಬೇಡ ಎನ್ನುವುದಿಲ್ಲ" ಎಂದಿದ್ದೇನೆ.

ಹಬ್ಬಕ್ಕೆ ಇನ್ನೂ ದಿನಗಳಿವೆ. ನಿಮ್ಮ ಮನೆಯ ಅಟ್ಟದ ಮೇಲಿರುವ ಚೂರಿಯನ್ನು ಇವತ್ತೇ ಇಳಿಸಿ, ಒಂದು ಹಾಳೆ ಹಿಡಿದು ಪರೀಕ್ಷಿಸಿ. ಹಾಳೆ ಹರಿದರೆ ಕುಲುಮೆಗೆ ಕಳುಹಿಸಿ. ಸದ್ದಿಲ್ಲದೆ ಕತ್ತರಿಸಿದರೆ ಎಣ್ಣೆ ಸವರಿ, ಮಕ್ಕಳ ಕೈಗೆ ಸಿಗದ ಕಡೆ ಎತ್ತಿಡಿ.